ನೆದರ್‌ಲೆಂಡ್ಸ್‌ನಲ್ಲಿ ಸಿಗರೇಟು ಎಲ್ಲೆಲ್ಲಿ ಸಿಗುವುದಿಲ್ಲ: ಹಾಸನದಿಂದ ಬರುವವರಿಗೆ

ಹಾಸನದ ಕಡೆಯಿಂದ ಐಂಡ್‌ಹೋವನ್‌ಗೋ ಆಮ್‌ಸ್ಟಲ್‌ವೇನ್‌ಗೋ ಬಂದು ನೆಲೆಸಿದವರು, ಊರಿನಿಂದ ಹಿರಿಯರನ್ನು ಕರೆಸಿಕೊಳ್ಳುವ ಮೊದಲು ಇಲ್ಲಿನ ತಂಬಾಕು ಮಾರಾಟದ ನಿಯಮವನ್ನು ಅವರಿಗೆ ತಿಳಿಸಿಡುವುದು ಒಳ್ಳೆಯದು. ನನ್ನ ತಂದೆ ಬಂದ ಮರುದಿನವೇ ಹಾಲು ತರುವ ನೆಪದಲ್ಲಿ ಸೂಪರ್‌ಮಾರ್ಕೆಟ್‌ಗೆ ಹೋಗಿ, ಕೌಂಟರಿನಲ್ಲಿ ಎರಡು ಬೆರಳನ್ನು ತುಟಿಗಿಟ್ಟು ಸನ್ನೆ ಮಾಡಿದರು. ಅಲ್ಲಿದ್ದ ಹುಡುಗಿ ಇಲ್ಲವೆಂದು ತಲೆಯಾಡಿಸಿದಾಗ, ಏನೋ ತಪ್ಪಾಯಿತೆಂದು ಅಂಜಿ ಹಾಲನ್ನೂ ಅಲ್ಲೇ ಬಿಟ್ಟು ಬಂದರು.

ಅವರದು ತಪ್ಪಾಗಿರಲಿಲ್ಲ. 2024ರ ಜುಲೈ 1ರಿಂದ ಇಲ್ಲಿನ ಸೂಪರ್‌ಮಾರ್ಕೆಟ್‌ಗಳು ತಂಬಾಕು ಮಾರುವಂತಿಲ್ಲ. ಅದಕ್ಕೂ ಮೊದಲು, 2020ರಲ್ಲಿ, ಅವು ಪ್ಯಾಕುಗಳನ್ನು ಗಿರಾಕಿಯ ಕಣ್ಣಿಗೆ ಬೀಳದಂತೆ ಮುಚ್ಚಿಡಬೇಕಾಯಿತು; 2022ರ ಆರಂಭದಲ್ಲಿ ಸಿಗರೇಟು ಯಂತ್ರಗಳು ಹೋದವು, 2023ರ ಜುಲೈನಲ್ಲಿ ಆನ್‌ಲೈನ್ ಮಾರಾಟವೂ ನಿಂತಿತು. ಪೆಟ್ರೋಲ್ ಬಂಕುಗಳಲ್ಲಿ 2030ರಿಂದ ನಿಲ್ಲಿಸಿ, 2032ರ ಹೊತ್ತಿಗೆ ತಂಬಾಕಿಗೆಂದೇ ಇರುವ ಅಂಗಡಿಗಳಲ್ಲಿ ಮಾತ್ರ ಉಳಿಸುವುದು ಸರ್ಕಾರ ಪ್ರಕಟಿಸಿರುವ ಯೋಜನೆ. ಕೆಲವು ಸೂಪರ್‌ಮಾರ್ಕೆಟ್‌ಗಳ ಪಕ್ಕದಲ್ಲೇ ಬೇರೆ ಬಾಗಿಲಿನ ತಂಬಾಕು ಅಂಗಡಿಗಳು ತೆರೆದುಕೊಂಡಿರುವುದು ಸೂಪರ್‌ಮಾರ್ಕೆಟ್ ನಿಷೇಧದ ಬಲವನ್ನು ಕುಗ್ಗಿಸಿದೆ ಎಂಬುದನ್ನೂ ಹೇಳಬೇಕು.

ಈ ನಿಯಮಗಳ ಹಿಂದಿರುವ ಲೆಕ್ಕಾಚಾರ ನನಗೆ ಸರಿಯೆನಿಸುತ್ತದೆ. ಬಿಡಬೇಕೆಂದು ನಿಶ್ಚಯಿಸಿದವನನ್ನು ಸೋಲಿಸುವುದು ಹಾಲು, ಬ್ರೆಡ್ಡು ಕೊಳ್ಳುವಾಗ ಕೈಗೆಟುಕುವಲ್ಲೇ ಇರುವ ಪ್ಯಾಕು. ಅರಕಲಗೂಡು ತಾಲ್ಲೂಕಿನ ನಮ್ಮ ಮನೆಯಲ್ಲಿ ಹೊಗೆಸೊಪ್ಪು ಬೆಳೆದು, ಸೊಪ್ಪು ಒಣಗಿಸುವ ಬ್ಯಾರನ್ನಿನಲ್ಲಿ ರಾತ್ರಿಯೆಲ್ಲ ಬೆಂಕಿ ಕಾದು, ರಾಮನಾಥಪುರದ ಹರಾಜಿಗೆ ಬೇಲು ಸಾಗಿಸಿದ ಹಣದಲ್ಲೇ ನಾನು ಓದಿದ್ದು. ಬೆಳೆಗಾರನ ಕಷ್ಟ ಗೊತ್ತಿದ್ದೂ, ಅಂಗಡಿಗಳ ಸಂಖ್ಯೆ ಇಳಿಯಬೇಕೆಂದೇ ನಾನು ಹೇಳುತ್ತೇನೆ. ತಂದೆಯ ಕೆಮ್ಮನ್ನು ಗೋಡೆಯಾಚೆಯಿಂದ ಕೇಳಿದವನಿಗೆ ಬೇರೆ ಮಾತು ಬರುವುದಿಲ್ಲ.

ಬಿಡಿ ಸಿಗರೇಟು ಇಲ್ಲಿ ಸಿಗುವುದಿಲ್ಲ. ಪ್ಯಾಕಿನಲ್ಲಿ ಕನಿಷ್ಠ 20 ಇರಬೇಕು. ಕೊಳ್ಳುವವರಿಗೆ 18 ತುಂಬಿರಬೇಕು. ಚಿಕ್ಕ ವಯಸ್ಸಿನವರಂತೆ ಕಂಡರೆ ಗುರುತಿನ ಚೀಟಿ ಕೇಳುತ್ತಾರೆ, ಅದನ್ನು ಅವಮಾನವೆಂದು ಭಾವಿಸಬೇಡಿ. ಇ-ಸಿಗರೇಟಿನಲ್ಲಿ ತಂಬಾಕಿನ ರುಚಿಯ ಹೊರತು ಬೇರೆ ಸುವಾಸನೆಗಳನ್ನು 2024ರಿಂದ ಮಾರುವಂತಿಲ್ಲ. ಭಾರತದಲ್ಲಂತೂ 2019ರಿಂದ ಇ-ಸಿಗರೇಟಿನ ಮಾರಾಟಕ್ಕೂ ಆಮದಿಗೂ ನಿಷೇಧವಿದೆ. ಆದ್ದರಿಂದ ಇಲ್ಲಿ ಕೊಂಡದ್ದನ್ನು ಊರಿಗೆ ಹೊರಡುವ ಸೂಟ್‌ಕೇಸಿನಲ್ಲಿ ಇಡಬೇಡಿ.