ದಿಕ್ಸೂಚಿಯ ಕೋನವನ್ನು ಅಳೆಯಿಸಿ ಕಾಂತಕ್ಷೇತ್ರ ಕಲಿಸಿದ ಬಗೆ

ಹತ್ತನೇ ತರಗತಿಯಲ್ಲಿ ವಿದ್ಯುತ್ ಪ್ರವಾಹದ ಕಾಂತೀಯ ಪರಿಣಾಮವನ್ನು ಆರಂಭಿಸುವಾಗ ನಾನೂ ಎಲ್ಲರಂತೆ ಡೆನ್ಮಾರ್ಕಿನ ವಿಜ್ಞಾನಿ ಓರ್‌ಸ್ಟೆಡ್ 1820ರಲ್ಲಿ ಪ್ರಕಟಿಸಿದ ಪ್ರಯೋಗವನ್ನೇ, ಅಂದರೆ ತಂತಿಯಲ್ಲಿ ಪ್ರವಾಹ ಹರಿದಾಗ ಹತ್ತಿರದ ದಿಕ್ಸೂಚಿಯ ಸೂಜಿ ತಿರುಗುವುದನ್ನೇ, ಮಾಡಿ ತೋರಿಸುತ್ತೇನೆ. ಆದರೆ ಸೂಜಿ ಅಲುಗಿತು ಎಂಬಲ್ಲಿಗೆ ಪಾಠವನ್ನು ನಿಲ್ಲಿಸದೆ, ಅದು ಎಷ್ಟು ಡಿಗ್ರಿ ತಿರುಗಿತು ಎಂಬುದನ್ನು ಮಕ್ಕಳಿಂದಲೇ ಅಳೆಯಿಸುತ್ತೇನೆ. ಅಳೆದು ನೋಡಿದ ಮೇಲೆ ಕಾಂತಕ್ಷೇತ್ರವು ಅವರಿಗೆ ಪುಸ್ತಕದ ಗೆರೆಯಾಗಿ ಉಳಿಯುವುದಿಲ್ಲ, ಲೆಕ್ಕಕ್ಕೆ ಸಿಗುವ ಪರಿಮಾಣವಾಗುತ್ತದೆ.

ಎರಡು ದೊಡ್ಡ ಸೆಲ್, ಸ್ವಿಚ್, ಪ್ರವಾಹವನ್ನು ಹೆಚ್ಚುಕಡಿಮೆ ಮಾಡುವ ರಿಯೋಸ್ಟಾಟ್, ಪ್ರವಾಹವನ್ನು ಅಳೆಯುವ ಅಮ್ಮೀಟರ್, ಡಿಗ್ರಿ ಗುರುತುಗಳಿರುವ ದಿಕ್ಸೂಚಿ ಮತ್ತು ಉದ್ದನೆಯ ತಾಮ್ರದ ತಂತಿ ಇದ್ದರೆ ಸಾಕು. ಅಮ್ಮೀಟರಿನೊಳಗೆ ಕಾಯಂ ಕಾಂತವಿರುವುದರಿಂದ ಅದನ್ನು ದಿಕ್ಸೂಚಿಯಿಂದ ಒಂದು ಮೀಟರಾದರೂ ದೂರ ಇಡಬೇಕು. ಕಬ್ಬಿಣದ ಮೇಜು ಬೇಡವೇ ಬೇಡ. ತಂತಿಯನ್ನು ಸೂಜಿಗಿಂತ ಒಂದು ಸೆಂಟಿಮೀಟರ್ ಮೇಲೆ, ಸರಿಯಾಗಿ ಉತ್ತರ-ದಕ್ಷಿಣವಾಗಿ ಎಳೆದು ಕಟ್ಟುತ್ತೇನೆ. ತಂತಿಯ ಕ್ಷೇತ್ರವು ಭೂಮಿಯ ಕ್ಷೇತ್ರಕ್ಕೆ ಲಂಬವಾಗಿರಬೇಕೆಂಬುದೇ ಇದರ ಉದ್ದೇಶ. ತಂತಿಯನ್ನು ಪೂರ್ವ-ಪಶ್ಚಿಮವಾಗಿ ಕಟ್ಟಿ, ಅದರ ಕ್ಷೇತ್ರ ಉತ್ತರಕ್ಕೇ ಮುಖ ಮಾಡಿದರೆ ಸೂಜಿ ಕದಲುವುದೇ ಇಲ್ಲ.

ಪ್ರವಾಹವನ್ನು ಒಂದು ಆಂಪಿಯರಿಗೆ ಹೊಂದಿಸಿ ಉತ್ತರ ದಿಕ್ಕಿಗೆ ಹಾಯಿಸಿದಾಗ ಸೂಜಿಯ ಉತ್ತರ ತುದಿ ಪಶ್ಚಿಮಕ್ಕೆ ಸರಿಯುತ್ತದೆ. ಬಲಗೈ ಹೆಬ್ಬೆರಳು ಪ್ರವಾಹದ ದಿಕ್ಕಿಗಿದ್ದರೆ ಮಡಚಿದ ಬೆರಳುಗಳು ಕ್ಷೇತ್ರದ ದಿಕ್ಕನ್ನು ತೋರಿಸುತ್ತವೆ ಎಂಬ ಬಲಗೈ ಹೆಬ್ಬೆರಳಿನ ನಿಯಮವನ್ನು ಮಕ್ಕಳು ಅಲ್ಲಿಯೇ ಕೈಯಾಡಿಸಿ ತಾಳೆ ನೋಡುತ್ತಾರೆ. ದಿಕ್ಸೂಚಿಯ ಗಾಜನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಸೂಜಿ ಸಿಕ್ಕಿಕೊಳ್ಳದೆ ಸುಮಾರು 27 ಡಿಗ್ರಿಯಲ್ಲಿ ನಿಲ್ಲುತ್ತದೆ. ಒಂದು ಸೆಂಟಿಮೀಟರ್ ದೂರದಲ್ಲಿ ಒಂದು ಆಂಪಿಯರ್ ಉಂಟುಮಾಡುವ ಕ್ಷೇತ್ರ 20 ಮೈಕ್ರೊಟೆಸ್ಲಾ (ಕಾಂತಕ್ಷೇತ್ರವನ್ನು ಅಳೆಯುವ ಮಾನ). ನಮ್ಮ ಕರ್ನಾಟಕದಲ್ಲಿ ಸೂಜಿಯನ್ನು ಉತ್ತರಕ್ಕೆ ಎಳೆಯುವ ಭೂಕಾಂತತ್ವದ ಸಮತಲ ಅಂಶ ಸುಮಾರು 40 ಮೈಕ್ರೊಟೆಸ್ಲಾ. ಇವೆರಡೂ ಒಂದಕ್ಕೊಂದು ಲಂಬವಾಗಿರುವುದರಿಂದ ಇವುಗಳ ಅನುಪಾತವೇ ಸೂಜಿ ತಿರುಗಿದ ಕೋನದ ಟ್ಯಾನ್ ಬೆಲೆ. ಆ ಅನುಪಾತ ಅರ್ಧ, ಟ್ಯಾನ್ 27 ಡಿಗ್ರಿಯ ಬೆಲೆಯೂ ಹೆಚ್ಚುಕಡಿಮೆ ಅರ್ಧ. ಗಣಿತದ ತರಗತಿಯಲ್ಲಿ ಗೋಪುರದ ಎತ್ತರಕ್ಕಷ್ಟೇ ಬಳಸಿದ್ದ ತ್ರಿಕೋನಮಿತಿ ಇಲ್ಲಿ ಭೂಮಿಗೂ ತಂತಿಗೂ ನಡುವಿನ ಎಳೆದಾಟವನ್ನು ಅಳೆಯುವುದನ್ನು ಕಂಡಾಗ ಮಕ್ಕಳ ಮುಖದಲ್ಲಿ ಮೂಡುವ ಆಸಕ್ತಿ ನನಗೆ ಬಹಳ ಅಮೂಲ್ಯವಾದುದು.

ಮುಂದಿನ ಹೆಜ್ಜೆಯಲ್ಲಿ ಅದೇ ತಂತಿಯನ್ನು ದೂರದಿಂದ ಸುತ್ತಿಸಿ ತಂದು, ಮೊದಲಿನ ಎಳೆಯ ಪಕ್ಕದಲ್ಲೇ ಅದೇ ದಿಕ್ಕಿಗೆ ಇನ್ನೊಮ್ಮೆ ಹಾಯಿಸುತ್ತೇನೆ. ಅಮ್ಮೀಟರ್ ಒಂದನ್ನೇ ತೋರಿಸುತ್ತಿದ್ದರೂ ಸೂಜಿಯ ಮೇಲೆ ಕ್ಷೇತ್ರ ಇಮ್ಮಡಿಯಾಗುತ್ತದೆ. ಸ್ವಿಚ್ ಒತ್ತುವ ಮೊದಲು ಕೋನವೆಷ್ಟಾಗಬಹುದೆಂದು ಕೇಳಿದರೆ ಹೆಚ್ಚಿನವರು 54 ಎನ್ನುತ್ತಾರೆ. ಸೂಜಿ ನಿಲ್ಲುವುದು 45ರ ಆಸುಪಾಸಿನಲ್ಲಿ. ಇಮ್ಮಡಿಯಾದದ್ದು ಕೋನವಲ್ಲ, ಅದರ ಟ್ಯಾನ್ ಬೆಲೆ ಎಂಬುದನ್ನು ಯಾರಾದರೊಬ್ಬರು ಕಂಡುಹಿಡಿಯುವವರೆಗೂ ನಾನು ಬಾಯಿಬಿಡುವುದಿಲ್ಲ. ಸುರುಳಿಯಲ್ಲಿ ಸುತ್ತುಗಳು ಹೆಚ್ಚಿದಷ್ಟೂ ಕ್ಷೇತ್ರ ಏಕೆ ಹೆಚ್ಚುತ್ತದೆ ಎಂಬುದನ್ನು ಇದಾದ ಮೇಲೆ ಬೇರೆಯಾಗಿ ವಿವರಿಸಬೇಕಾಗುವುದಿಲ್ಲ.

ಕೊನೆಗೆ ಎರಡನೆಯ ಎಳೆಯನ್ನು ತಿರುಗಿಸಿ, ಪ್ರವಾಹ ಒಂದರಲ್ಲಿ ಹೋಗಿ ಇನ್ನೊಂದರಲ್ಲಿ ಮರಳುವಂತೆ ಎರಡನ್ನೂ ಅಂಟಿಸಿ ಕಟ್ಟುತ್ತೇನೆ. ಅಮ್ಮೀಟರಿನಲ್ಲಿ ಪೂರ್ತಿ ಒಂದು ಆಂಪಿಯರ್ ಹರಿಯುತ್ತಿದ್ದರೂ ಸೂಜಿ ಉತ್ತರವನ್ನೇ ತೋರಿಸುತ್ತದೆ, ಏಕೆಂದರೆ ವಿರುದ್ಧ ದಿಕ್ಕಿನ ಎರಡು ಪ್ರವಾಹಗಳ ಕ್ಷೇತ್ರಗಳು ಒಂದನ್ನೊಂದು ಅಳಿಸಿಹಾಕುತ್ತವೆ.