ಮಳೆಯಲ್ಲೂ ಬಿಚ್ಚಿಕೊಂಡ ಗಂಟು

ಆಗಸ್ಟ್ 15ರಂದು ಧ್ವಜವನ್ನು ಕಂಬದ ಬುಡದಿಂದ ಏರಿಸಬೇಕು, ಜನವರಿ 26ರಂದು ಮೊದಲೇ ತುದಿಗೆ ಕಟ್ಟಿಟ್ಟದ್ದನ್ನು ಬಿಚ್ಚಬೇಕು ಎಂಬ ವ್ಯತ್ಯಾಸ ದೈಹಿಕ ಶಿಕ್ಷಕರಾದ ನಮಗೆಲ್ಲ ಗೊತ್ತಿರುವುದೇ. ಗೊತ್ತಿದ್ದೂ ನಮ್ಮ ಸುತ್ತಲಿನ ಹಲವು ಶಾಲೆಗಳಲ್ಲಿ ಎರಡೂ ದಿನ ತುದಿಗೇ ಕಟ್ಟಿಡುತ್ತಾರೆ, ಏಕೆಂದರೆ ಹೂವಿನ ಎಸಳು ತುಂಬಿ ಮಡಚಿದ ಧ್ವಜ ಬುಡದಿಂದ ಏರುವಾಗ ಅರ್ಧ ದಾರಿಯಲ್ಲೇ ಬಿಚ್ಚಿಕೊಳ್ಳುತ್ತದೆ, ಇಲ್ಲವೇ ತುದಿ ಮುಟ್ಟಿದ ಮೇಲೂ ಬಿಚ್ಚಿಕೊಳ್ಳುವುದಿಲ್ಲ. ಮಲೆನಾಡಿನ ನಮ್ಮ ಪ್ರೌಢಶಾಲೆಯಲ್ಲಿ, ಆಗಸ್ಟ್ ಮಳೆಯ ನಡುವೆ, ನಾಲ್ಕು ವರ್ಷಗಳಿಂದ ಒಮ್ಮೆಯೂ ತಪ್ಪಿಲ್ಲ.

ಅದಕ್ಕೂ ಮುಂಚೆ ಎರಡು ಸಲ ಎಡವಿದ್ದೆ. ಮೊದಲ ವರ್ಷ ನೈಲಾನ್ ಹಗ್ಗ ಬಳಸಿ ಕೆಟ್ಟೆ. ಹತ್ತು ಅಡಿ ಏರುವಷ್ಟರಲ್ಲಿ ಜೀರುಗುಣಿಕೆ ತಾನಾಗಿ ಜಾರಿ ಎಸಳೆಲ್ಲ ಅತಿಥಿಗಳ ತಲೆಯ ಮೇಲೆ ಬಿದ್ದವು. ಮರುವರ್ಷ ನೂಲಿನ ಹಗ್ಗ ಹಾಕಿದರೆ ಅದು ಮಳೆ ನೀರು ಕುಡಿದು ಊದಿಕೊಂಡಿತು, ನಲವತ್ತು ರೂಪಾಯಿಯ ಕಬ್ಬಿಣದ ರಾಟೆಯೂ ತುಕ್ಕಿನಿಂದ ಬಿಗಿದುಕೊಂಡಿತು, ಮತ್ತು ನಾಡಗೀತೆ ಹಾಡುವ ಹುಡುಗಿಯರೂ ಸೇರಿ ಇಡೀ ಶಾಲೆ ಕತ್ತೆತ್ತಿ ನಿಂತಿರುವಾಗ ನಾನು ಗಂಟನ್ನು ಕೆಳಗಿಳಿಸಿ ಕೈಯಿಂದ ಬಿಚ್ಚಬೇಕಾಯಿತು. "ಮೇಷ್ಟ್ರೇ, ಮುಂದಿನ ಸಲದಿಂದ ತುದಿಗೇ ಕಟ್ಟಿಬಿಡಿ, ಮಾನ ಉಳಿಯಲಿ" ಎಂದರು ಮುಖ್ಯೋಪಾಧ್ಯಾಯರು.

ಧ್ವಜವನ್ನೇ ಪ್ರಯೋಗಕ್ಕೆ ಬಳಸುವುದು ಸಲ್ಲದಾದ್ದರಿಂದ, ಹಳೆಯ ಪಂಚೆಯೊಂದನ್ನು ನಮ್ಮ ಧ್ವಜದ ಅಳತೆಗೇ, ಅಂದರೆ 1350 ಮಿ.ಮೀ. ಉದ್ದ, 900 ಮಿ.ಮೀ. ಅಗಲಕ್ಕೆ ಕತ್ತರಿಸಿ, ನೀರಿನಲ್ಲಿ ಅದ್ದಿ, ಸಂಜೆಗಳಲ್ಲಿ ಸುಮಾರು ಅರವತ್ತು ಸಲ ಏರಿಸಿ ನೋಡಿದೆ. ಧ್ವಜ ಸಂಹಿತೆಯ 2021ರ ಡಿಸೆಂಬರ್ ತಿದ್ದುಪಡಿಯ ನಂತರ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ಇರುವುದರಿಂದ ಆ ಬಟ್ಟೆಯ ತುಂಡನ್ನೂ ಪರೀಕ್ಷಿಸಿದೆ; ಬೇಗ ಒಣಗುತ್ತದೆ ನಿಜ, ಆದರೆ ಮಡಿಕೆ ನಿಲ್ಲುವುದಿಲ್ಲ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ತಯಾರಾಗುವ ಖಾದಿ ಧ್ವಜದ ಮಡಿಕೆಗೆ ಅದು ಸಾಟಿಯಲ್ಲ ಎಂಬುದು ನನ್ನ ಅಭಿಪ್ರಾಯ. ಒದ್ದೆಯಾದ ಚೆಂಡುಹೂವು ಬಟ್ಟೆಗೆ ಹಳದಿ ಕಲೆ ಬಿಡುವುದನ್ನು ಪಂಚೆಯಲ್ಲೇ ಕಂಡುಕೊಂಡೆ. ಈಗ ಹಿಂದಿನ ದಿನ ಫ್ಯಾನಿನ ಗಾಳಿಗೆ ಒಣಗಿಸಿದ ಬಿಳಿ ಸೇವಂತಿಗೆ ಎಸಳು ಒಂದು ಬೊಗಸೆ, ಅದಕ್ಕಿಂತ ಹೆಚ್ಚಿಲ್ಲ.

ಕೊನೆಗೆ ಫಲಿಸಿದ್ದು ಮಿಶ್ರ ಉಪಾಯ: ಏರಿಸಲು ನೈಲಾನ್ ಹಗ್ಗ, ಮಡಿಕೆಯನ್ನು ಸುತ್ತುವುದಕ್ಕೆ ಮಾತ್ರ ನೂಲಿನ ಲಾಡಿ, ಮೇಲೆ ಹಿತ್ತಾಳೆಯ ರಾಟೆ. ರಾಟೆಗೆ ಆರುನೂರರ ಆಸುಪಾಸು, ಉಳಿದದ್ದಕ್ಕೆ ಇನ್ನೂರೈವತ್ತು ರೂಪಾಯಿ, ಎಲ್ಲವೂ ನನ್ನ ಜೇಬಿನಿಂದ. ಲಾಡಿ ನೀರು ಕುಡಿಯದಂತೆ ಅದಕ್ಕೆ ಸವರುವ ವಸ್ತು ಅಡುಗೆಮನೆಯಲ್ಲೇ ಸಿಗುತ್ತದೆ. ಅದೇನೆಂದು ಪಕ್ಕದ ಶಾಲೆಯವರಿಗೂ ಹೇಳಿಲ್ಲ. ಅತಿಥಿಗಳು ತಪ್ಪು ಹಗ್ಗ ಎಳೆಯದಂತೆ, ಬಿಚ್ಚುವ ಹಗ್ಗದ ತುದಿಯನ್ನು ನಾನೇ ಹಿಡಿದುಕೊಂಡು ಸಡಿಲವಾಗಿ ಬಿಡುತ್ತಾ ಹೋಗಿ, ಗಂಟು ತುದಿ ಮುಟ್ಟಿದ ಮೇಲಷ್ಟೇ ಅವರ ಕೈಗೆ ಕೊಡುತ್ತೇನೆ.

ಏರಿಸುವುದು ಚುರುಕಾಗಿ, ಇಳಿಸುವುದು ನಿಧಾನವಾಗಿ ಎಂಬ ನಿಯಮದಂತೆ ಸಂಜೆ ಇಳಿಸಿದ ಒದ್ದೆ ಧ್ವಜವನ್ನು ಮಡಚಿ ಬೀರುವಿಗೆ ಸೇರಿಸಿದರೆ ಬೂಷ್ಟು ಹಿಡಿಯುತ್ತದೆ. ಆ ರಾತ್ರಿ ಅದು ಶಿಕ್ಷಕರ ಕೊಠಡಿಯ ಎರಡು ಮೇಜುಗಳ ಮೇಲೆ, ನೆಲ ಸೋಕದಂತೆ ಹರಡಿಕೊಂಡಿರುತ್ತದೆ. ಕೇಸರಿ ಮತ್ತು ಹಸಿರನ್ನು ಬಿಳಿಯ ಕೆಳಗೆ ಮಡಚಿ ಚಕ್ರ ಮೇಲೆ ಕಾಣುವಂತೆ ಸುತ್ತಿಡುವ ಕೆಲಸ ಮರುದಿನ ಮಧ್ಯಾಹ್ನದ್ದು.