ಹಿಮದೂರಿನಲ್ಲಿ ಡ್ರೋನ್ ಹಾರಿಸುವವರಿಗೆ

ಜನವರಿಯಲ್ಲಿ ಮನಾಲಿಯ ಕಡೆಗೆ ಹೊರಡುವ ನಮ್ಮವರ ಚೀಲದಲ್ಲಿ ಸ್ವೆಟರಿನ ಜೊತೆಗೆ ಈಗ ಡ್ರೋನ್ ಕೂಡ ಇರುತ್ತದೆ. ಆದರೆ ಬೆಂಗಳೂರಿನ ಹವೆಯಲ್ಲಿ ಹಾರಿದಷ್ಟು ಹೊತ್ತು ಅದು ಅಲ್ಲಿ ಹಾರುವುದಿಲ್ಲ. ಚಳಿಗೆ ಲಿಥಿಯಂ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ಮಂದವಾಗಿ ಆಂತರಿಕ ರೋಧ ಹೆಚ್ಚುವುದರಿಂದ, ರಿಮೋಟಿನ ಸ್ಟಿಕ್ಕನ್ನು ಒಮ್ಮೆಲೇ ಪೂರ್ತಿ ತಳ್ಳಿದಾಗ ವೋಲ್ಟೇಜ್ ದಿಢೀರನೆ ಕುಸಿದು, ಶೇಕಡಾ 40 ಎಂದು ತೋರಿಸುತ್ತಿದ್ದ ಡ್ರೋನ್ ತಾನಾಗಿಯೇ ಇಳಿಯತೊಡಗಬಹುದು.

ಮೊದಲು ಕೈಪಿಡಿಯಲ್ಲಿ ತಾಪಮಾನದ ಕನಿಷ್ಠ ಮಿತಿಯನ್ನು ನೋಡಿಕೊಳ್ಳಿ. ಡಿಜೆಐ ಮಿನಿ 2ಕ್ಕೆ ಅದು 0 ಡಿಗ್ರಿ ಸೆಲ್ಸಿಯಸ್, ಮಿನಿ 3ಕ್ಕೆ ಮೈನಸ್ 10. ಡ್ರೋನ್ ಹಾರಾಟಕ್ಕೆಂದು ಸರ್ಕಾರ ಕೊಡುವ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಹಾರಿಸುವ ಜಾಗ ಹಸಿರು ವಲಯದಲ್ಲಿ, ಅಂದರೆ ಮುಂಗಡ ಅನುಮತಿ ಬೇಡದ ಕಡೆ, ಇದೆಯೇ ಎಂಬುದನ್ನೂ ಹೊರಡುವ ಮುನ್ನವೇ ಖಚಿತಪಡಿಸಿಕೊಳ್ಳಬೇಕು.

ಬ್ಯಾಟರಿಯನ್ನು ಬೆಚ್ಚಗಿನ ಕೋಣೆಯಲ್ಲೇ ಪೂರ್ತಿ ಚಾರ್ಜ್ ಮಾಡಿ, ಬೆಳಿಗ್ಗೆ ಜಾಕೆಟ್ಟಿನ ಒಳಜೇಬಿನಲ್ಲಿಟ್ಟುಕೊಂಡು, ಹಾರಿಸುವ ಕ್ಷಣದಲ್ಲಷ್ಟೇ ಡ್ರೋನಿಗೆ ಹಾಕಬೇಕು. ಅದು 20 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಒಳ್ಳೆಯದು. ಮೇಲೇರಿಸಿದ ಮೇಲೆ ಒಂದೆರಡು ನಿಮಿಷ ಕಣ್ಣೆದುರಿಗೇ ನಿಲ್ಲಿಸಿ. ಮೋಟಾರುಗಳು ಎಳೆಯುವ ವಿದ್ಯುತ್ತಿನಿಂದಲೇ ಬ್ಯಾಟರಿ ಬಿಸಿಯಾಗುತ್ತದೆ. ಬಳಿಕವೂ ಸ್ಟಿಕ್ಕನ್ನು ಮೆಲ್ಲಗೆ ತಳ್ಳುತ್ತ, ಆ್ಯಪ್ ತೋರಿಸುವುದಾದರೆ ಶೇಕಡಾವಾರು ಅಂಕಿಗಿಂತ ಬ್ಯಾಟರಿಯೊಳಗಿನ ಒಂದೊಂದು ಸೆಲ್ಲಿನ ವೋಲ್ಟೇಜಿನ ಮೇಲೆ ಕಣ್ಣಿಟ್ಟಿರಿ. ಅರ್ಧ ಬ್ಯಾಟರಿ ಉಳಿದಿರುವಾಗಲೇ ನಾನು ಹಿಂದಿರುಗಿಸುತ್ತೇನೆ. ಇದು ಅತಿ ಎಚ್ಚರಿಕೆ ಎಂದು ನಗುವ ಗೆಳೆಯರಿದ್ದಾರೆ, ನಗಲಿ.

ಪುಡಿಹಿಮದ ಮೇಲಿಂದ ನೇರವಾಗಿ ಏರಿಸಬೇಡಿ. ರೆಕ್ಕೆಗಳ ಗಾಳಿಗೆ ಎದ್ದ ಹಿಮ, ಕ್ಯಾಮೆರಾ ಅಲುಗದಂತೆ ಹಿಡಿದಿಡುವ ಗಿಂಬಲ್ಲಿಗೂ ಮೋಟಾರಿಗೂ ನುಗ್ಗಿ ಅಲ್ಲೇ ಕರಗುತ್ತದೆ. ಕಾರಿನ ರಬ್ಬರ್ ಮ್ಯಾಟ್ ಹಾಸಿದರೂ ಸಾಕು. ಎಲ್ಲೆಡೆ ಒಂದೇ ಬಿಳುಪಿದ್ದರೆ ಕೆಳಮುಖದ ಸೆನ್ಸರಿಗೆ ನೆಲದ ಗುರುತು ಸಿಗದೆ ಡ್ರೋನ್ ಪಕ್ಕಕ್ಕೆ ಜಾರಬಹುದು. ಮಂಜು ಕವಿದಿದ್ದರೆ ಹಾರಿಸಲೇಬಾರದು, ಏಕೆಂದರೆ ಶೂನ್ಯಕ್ಕಿಂತ ಕೆಳಗೆ ಆ ತೇವ ರೆಕ್ಕೆಯ ಅಂಚಿನಲ್ಲಿ ಮಂಜುಗಡ್ಡೆಯಾಗಿ ಕಟ್ಟಿಕೊಂಡು ಅದರ ಎತ್ತುವ ಶಕ್ತಿಯನ್ನೇ ಕಸಿಯುತ್ತದೆ.

ಫೋನಿಗೂ ಚಳಿ ತಾಗುತ್ತದೆ. ಡ್ರೋನ್ ಮೇಲಿರುವಾಗಲೇ ನನ್ನ ಫೋನ್ ಒಮ್ಮೆ ಆರಿಹೋಯಿತು. ರಿಮೋಟಿನಲ್ಲಿದ್ದ, ಡ್ರೋನನ್ನು ಹೊರಟ ಜಾಗಕ್ಕೇ ಮರಳಿಸುವ ರಿಟರ್ನ್ ಟು ಹೋಮ್ ಗುಂಡಿಯನ್ನು ಕೈಗವಸಿನಲ್ಲೇ ತಡಕಾಡಿ ಒತ್ತಿ ಅದನ್ನು ಇಳಿಸಿಕೊಂಡೆ. ಆ ಗುಂಡಿ ಎಲ್ಲಿದೆಯೆಂದು ಬೆರಳಿಗೆ ಮೊದಲೇ ಗೊತ್ತಿರಲಿ.

ಹಾರಾಟ ಮುಗಿದ ಮೇಲೆ, ಕೋಣೆಗೆ ಒಯ್ಯುವ ಮುನ್ನ ಹೊರಗೇ ಡ್ರೋನನ್ನು ಜಿಪ್ ಚೀಲದಲ್ಲಿ ಹಾಕಿ ಮುಚ್ಚಿ. ಹಾಗೆ ಮಾಡಿದರೆ ಒಳಗಿನ ಬಿಸಿಗಾಳಿಯ ತೇವ ಲೆನ್ಸಿನ ಮೇಲಲ್ಲದೆ ಚೀಲದ ಹೊರಮೈಯಲ್ಲಿ ಹನಿಗಟ್ಟುತ್ತದೆ. ಎಲ್ಲವೂ ಕೋಣೆಯ ಉಷ್ಣತೆಗೆ ಬಂದ ಮೇಲಷ್ಟೇ ಚೀಲ ತೆರೆದು, ಬ್ಯಾಟರಿಯನ್ನು ಚಾರ್ಜಿಗೆ ಹಾಕಿ.